ಸಾದಾ ಸಾಬೂನು ಸಾಲದೇ?

ಸಯನ್‌ನ ನಮ್ಮ ಮನೆಯ ಅಡುಗೆಕೋಣೆಯ ಸಿಂಕಿನ ಬಳಿ ಕಳೆದ ತಿಂಗಳವರೆಗೂ ಎರಡು ಸಾಬೂನುಗಳಿದ್ದವು. ಒಂದು, ರೋಗಾಣುಗಳಲ್ಲಿ ಶೇ. 99.9ರಷ್ಟನ್ನು ಕೊಲ್ಲುವುದಾಗಿ ಹೇಳಿಕೊಳ್ಳುವ ದ್ರವದ ಬಾಟಲಿ; ಅದು ಮನೆಯವರಿಗೆ. ಇನ್ನೊಂದು ಹತ್ತು ರೂಪಾಯಿಯ ಸಾದಾ ಬಿಲ್ಲೆ. ಅದು ಧಾರಾವಿಯಿಂದ ಬಂದು ಪಾತ್ರೆ ತೊಳೆದು, ಚಪಾತಿಗೆ ಹಿಟ್ಟು ಕಲಸಿಕೊಟ್ಟು ಹೋಗುವ ಮಾವಶಿಗೆ. ಹೀಗೆಂದು ಯಾರೂ ನಿಯಮ ಮಾಡಿರಲಿಲ್ಲ. 2020ರ ಏಪ್ರಿಲ್‌ನಲ್ಲಿ ಧಾರಾವಿಯಲ್ಲಿ ಕೊರೊನಾ ಕಾಣಿಸಿಕೊಂಡಾಗ ರೈಲುಹಳಿಯ ಈಚೆಗಿರುವ ನಾವು ಹೆದರಿದೆವು. ಆಮೇಲೆ ಭಯ ಹೋಯಿತು, ವ್ಯವಸ್ಥೆ ಉಳಿಯಿತು. ಆ ಬಿಲ್ಲೆ ಸಾಲದು ಎಂದಾದರೆ, ಅದರಿಂದ ಕೈ ತೊಳೆದವರು ಕಲಸಿದ ಹಿಟ್ಟಿನ ಚಪಾತಿಯನ್ನು ನಾವು ಹೇಗೆ ಉಣ್ಣುತ್ತಿದ್ದೆವು? ಸಾಕು ಎಂದಾದರೆ ನಮಗೇಕೆ ಬಾಟಲಿ?

ಸಾಕು ಎಂಬುದೇ ಉತ್ತರ. ಸಾಬೂನಿನ ಕಣಕ್ಕೆ ಎರಡು ತುದಿ. ಒಂದು ನೀರಿಗೆ ಅಂಟಿಕೊಳ್ಳುತ್ತದೆ, ಇನ್ನೊಂದು ಜಿಡ್ಡಿಗೆ. ಕೈ ಉಜ್ಜಿದಾಗ ಜಿಡ್ಡನ್ನೂ ಅದರಲ್ಲಿ ಕುಳಿತ ಜೀವಾಣುಗಳನ್ನೂ ಅದು ಎಬ್ಬಿಸಿ ನೀರಿನೊಡನೆ ಸಾಗಿಸುತ್ತದೆ. ಕೊಲ್ಲಲೇಬೇಕೆಂದಿಲ್ಲ, ಕೈಯಿಂದ ಹೊರಟುಹೋದರೆ ಸಾಕು. ಕೊರೊನಾದಂಥ ವೈರಾಣುವಿನ ಹೊರಕವಚವೇ ಜಿಡ್ಡಿನದಾದ್ದರಿಂದ ಸಾದಾ ಸಾಬೂನು ಅದನ್ನು ಒಡೆದೂ ಬಿಡುತ್ತದೆ.

ಇದು ಪುಸ್ತಕದ ಮಾತಾಯಿತು ಎನ್ನುವವರಿಗೆ ಕರಾಚಿಯ ನಿದರ್ಶನವಿದೆ. 1936ರವರೆಗೆ ಮುಂಬಯಿ ಪ್ರಾಂತ್ಯಕ್ಕೇ ಸೇರಿದ್ದ ಆ ಊರಿನ ಕೊಳೆಗೇರಿಗಳಲ್ಲಿ ಸ್ಟೀಫನ್ ಲೂಬಿ ಮತ್ತು ಸಂಗಡಿಗರು ಕೆಲವು ಮನೆಗಳಿಗೆ ಸಾದಾ ಸಾಬೂನನ್ನೂ ಕೆಲವಕ್ಕೆ ಟ್ರೈಕ್ಲೋಕಾರ್ಬನ್ ಬೆರೆತ ಸಾಬೂನನ್ನೂ ಕೊಟ್ಟು, ಕೈ ತೊಳೆಯುವುದನ್ನು ರೂಢಿ ಮಾಡಿಸಿ, ಒಂದು ವರ್ಷ ವಾರವಾರವೂ ವಿಚಾರಿಸಿದರು. ಫಲಿತಾಂಶ 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಾಬೂನು ಪಡೆದ ಮನೆಗಳಲ್ಲಿ 5 ವರ್ಷದೊಳಗಿನ ಮಕ್ಕಳ ನ್ಯುಮೋನಿಯಾ ಅರ್ಧಕ್ಕಿಳಿದಿತ್ತು. 15 ವರ್ಷದೊಳಗಿನವರ ಭೇದಿ ಅರ್ಧಕ್ಕಿಂತ ತುಸು ಹೆಚ್ಚೇ ಇಳಿದಿತ್ತು. ಎರಡು ಬಗೆಯ ಸಾಬೂನುಗಳ ನಡುವೆ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2016ರ ಸೆಪ್ಟೆಂಬರ್‌ನಲ್ಲಿ ಟ್ರೈಕ್ಲೋಸಾನ್, ಟ್ರೈಕ್ಲೋಕಾರ್ಬನ್ ಸೇರಿದಂತೆ 19 ರಾಸಾಯನಿಕಗಳಿರುವ ಗೃಹಬಳಕೆಯ ಸಾಬೂನುಗಳನ್ನು ಮಾರಬಾರದೆಂದಿತು. ಅವು ಸಾದಾ ಸಾಬೂನಿಗಿಂತ ಮೇಲೆಂದಾಗಲಿ, ದಿನವೂ ಬಳಸಲು ಸುರಕ್ಷಿತವೆಂದಾಗಲಿ ತಯಾರಕರು ತೋರಿಸಿಕೊಡಲಿಲ್ಲ ಎಂಬುದು ಕಾರಣ. ಬೇರೆ ಮೂರು ರಾಸಾಯನಿಕಗಳ ವಿಚಾರವನ್ನು ಅದು ಮುಂದೂಡಿತು ಎಂಬುದನ್ನೂ ಹೇಳಬೇಕು. ಆಸ್ಪತ್ರೆಯ ಮಾತು ಬೇರೆ. ಇಲ್ಲೇ ಹತ್ತಿರದ ಲೋಕಮಾನ್ಯ ತಿಲಕ್ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಗೆ ಬೇಕಾದದ್ದು ನಮ್ಮ ಸಿಂಕಿಗೆ ಬೇಕಿಲ್ಲ.

ಹಾಗಾದರೆ ಬಾಟಲಿ ಏಕೆ ಮನೆ ಹೊಕ್ಕಿತು? ನಮ್ಮ ಅಜ್ಜಿಯ ಕಾಲದ ಮಡಿ ಮೈಲಿಗೆಯನ್ನು ನಾವು, ಇಂಗ್ಲಿಷ್ ಎಂ.ಎ. ಮಾಡಿ ಸರಕಾರಿ ನೌಕರಿ ಹಿಡಿದವರು, ಎಂದೋ ಬಿಟ್ಟೆವೆಂದುಕೊಂಡಿದ್ದೆವು. ಅದು ರೋಗಾಣುವಿನ ವೇಷ ತೊಟ್ಟು ಹಿಂಬಾಗಿಲಿನಿಂದ ಬಂದಿತ್ತು. ಅಜ್ಜಿಗೆ ತನ್ನ ಮಡಿಯ ಹೆಸರಾದರೂ ಗೊತ್ತಿತ್ತು.

ನಾವಿರುವ ಪ್ರದೇಶ ಬೆಳೆದದ್ದೂ ರೋಗಭಯದಿಂದಲೇ. 1896ರಲ್ಲಿ ಮಾಂಡವಿಯಲ್ಲಿ ಪ್ಲೇಗ್ ಹುಟ್ಟಿದ ಮೇಲೆ, 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಸ್ಥಾಪನೆಯಾಯಿತು. ದಾದರ್, ಮಾತುಂಗಾ, ಸಯನ್‌ಗಳ ಅಗಲ ರಸ್ತೆಗಳು, ಗಾಳಿಬೆಳಕಿನ ನಿವೇಶನಗಳು ಅದರ ಯೋಜನೆಗಳ ಫಲ. ದುರ್ಗಾಳಿಯಿಂದ ರೋಗ ಹರಡುತ್ತದೆಂಬ ಅಂದಿನ ಹಲವರ ನಂಬಿಕೆ ತಪ್ಪು. ಪ್ಲೇಗ್ ತಂದದ್ದು ಇಲಿಯ ಚಿಗಟ. ಆದರೂ ಅವರು ರಸ್ತೆ, ಚರಂಡಿಗಳ ಬಗ್ಗೆ ಯೋಚಿಸಿದರು. ನಾವು ಬಾಟಲಿಯ ಬಗ್ಗೆ ಯೋಚಿಸುತ್ತೇವೆ. ಹಳಿಯ ಆಚೆ ಸಾರ್ವಜನಿಕ ಶೌಚಾಲಯದ ಮುಂದೆ ಸರತಿಯಲ್ಲಿ ನಿಲ್ಲುವವರಿಗೆ ಕೊರತೆಯಿರುವುದು ಟ್ರೈಕ್ಲೋಸಾನಿನದ್ದಲ್ಲ, ನೀರಿನದು. ಕೇಂದ್ರ ಸರಕಾರದ್ದೇ 2018ರ 76ನೆಯ ಸುತ್ತಿನ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ, ಊಟಕ್ಕೆ ಮುನ್ನ ಸಾಬೂನಿನಿಂದ ಕೈ ತೊಳೆಯುವ ಕುಟುಂಬಗಳು ಶೇ. 35.8 ಮಾತ್ರ. ಉಳಿದವರಿಗೆ ಯಾವ ಸಾಬೂನು ಮೇಲೆಂಬ ಚರ್ಚೆಯಿಂದ ಏನಾಗಬೇಕು? ಬಾಟಲಿ ಇಟ್ಟುಕೊಂಡ ನಾವಾದರೂ ಇಪ್ಪತ್ತು ಸೆಕೆಂಡು ಕೈ ಉಜ್ಜುತ್ತಿದ್ದೆವೇ? ಕಚೇರಿಗೆ ಓಡುವ ಅವಸರದಲ್ಲಿ ಒಂದು ಹನಿ, ಒಂದು ಜಾಲಾಟ, ಅಷ್ಟೆ. ಮೊಣಕೈವರೆಗೂ ನೊರೆ ಮಾಡಿ ತೊಳೆಯುತ್ತಿದ್ದವರು ಮಾವಶಿ ಒಬ್ಬರೇ.

ಬಾಟಲಿ ಮುಗಿದ ಮೇಲೆ ಮತ್ತೆ ತರಲಿಲ್ಲ. ಈಗ ಸಿಂಕಿನ ಬಳಿ ಎಲ್ಲರಿಗೂ ಒಂದೇ ಬಿಲ್ಲೆ. ಮೊದಲ ದಿನ ಮಾವಶಿ ತಮ್ಮ ಸಾಬೂನು ಎಲ್ಲಿ ಎಂದು ಹುಡುಕಿದರು. ಇದೇ ಎಂದು ಹೇಳಿದರೂ ಅದನ್ನು ಮುಟ್ಟದೆ, ಪಾತ್ರೆ ತೊಳೆಯುವ ಸಾಬೂನಿನಿಂದಲೇ ಕೈ ತೊಳೆದುಕೊಂಡು ಹಿಟ್ಟಿಗೆ ಕೈಹಾಕಿದರು.