ಹೇಮಾವತಿಯ ಚೀನಿ ಗಿಡವೂ ಏಪ್ರಿಲ್ ತಿಂಗಳ ನೀರೂ

ಅಡಿಕೆಗೆ ಎಲೆಚುಕ್ಕಿ ರೋಗ ಬಂದಂದಿನಿಂದ ನಮ್ಮ ಕೃಷಿಕರ ಬಾಯಲ್ಲಿ ‘ಬದಲಿ ಬೆಳೆ’ ಎಂಬ ಮಾತು ಹೆಚ್ಚಾಗಿ ಕೇಳಿಬರುತ್ತಿದೆ. ರಂಬುಟಾನ್ ಆಯಿತು, ಮ್ಯಾಂಗೋಸ್ಟಿನ್ ಆಯಿತು, ಈಗ ಮೂಸಂಬಿಯ ಸರದಿ. ಶಾಲೆಗೆ ಬರುವ ಹೆತ್ತವರು ನಮ್ಮೊಡನೆಯೂ ವಿಚಾರಿಸುವುದುಂಟು: “ಮಾಷ್ಟ್ರೇ, ಐವತ್ತು ಮೂಸಂಬಿ ಗಿಡ ನೆಟ್ಟರೆ ಹೇಗೆ?”

ನಾವು ನೆಟ್ಟು ನೋಡಿದ್ದೇವೆ. ಅಂಗಳದ ಬದಿಯಲ್ಲಿ ತೆಂಗಿನ ನೆರಳಿಗೆ ಇಟ್ಟ ಗಿಡ ಎರಡು ಮಳೆಗಾಲ ಕಂಡು, ಬುಡದಲ್ಲಿ ಗೋಂದು ಸುರಿಸಿ ಒಣಗಿಹೋಯಿತು. ತಪ್ಪು ನಮ್ಮದೇ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನೆಲದಲ್ಲಿ, ಬುಡಕ್ಕೆ ಮಣ್ಣೇರಿಸಿ ನೀರು ನಿಲ್ಲಗೊಟ್ಟಿದ್ದೆವು. ಕಂಗಿಗೆ ಕೊಳೆರೋಗ ತರುವ ಫೈಟಾಫ್ತೊರ ಎಂಬ ಕುಲದ್ದೇ ಮೂಸಂಬಿಯ ಗೋಂದು ರೋಗವೂ ಎಂಬುದು ಆಮೇಲೆ ತಿಳಿಯಿತು.

ಮೂಸಂಬಿ ನಿಜವಾಗಿ ಬೆಳೆಯುವ ನಾಡು ಯಾವುದೆಂದು ನೋಡಹೊರಟರೆ ಆಂಧ್ರದ ಅನಂತಪುರ ಸೀಮೆ ಸಿಗುತ್ತದೆ. ಅಲ್ಲಿ ಇದರ ಹೆಸರು ಚೀನಿ, ತಳಿ ಸಾತ್ಗುಡಿ. ಅಲ್ಲಿಯ ಸರಾಸರಿ ಮಳೆ 550 ಮಿಲಿಮೀಟರಿನ ಆಸುಪಾಸು. ನಮ್ಮಲ್ಲಿ ಆಷಾಢದ ಕೆಲವು ವಾರಗಳಲ್ಲಿ ಬೀಳುವಷ್ಟು ನೀರಿನಲ್ಲಿ ಅವರು ವರ್ಷವನ್ನೇ ಕಳೆಯಬೇಕು. ದೊಡ್ಡ ಚೀನಿ ತೋಟಗಳಿರುವುದು ತಾಡಿಪತ್ರಿಯ ಕಡೆ. ದಕ್ಷಿಣದ ತುದಿಯಲ್ಲಿ, ಮಡಕಶಿರ ಸೀಮೆಯ ಹೇಮಾವತಿಯ ಸುತ್ತ ಕಡಲೆಕಾಯಿ, ಹಿಪ್ಪುನೇರಳೆ, ಬೋರ್‌ವೆಲ್ ಇದ್ದಲ್ಲಿ ಅಡಿಕೆ. ಹೌದು, ಆ ಒಣ ಸೀಮೆಯಲ್ಲೂ ಅಡಿಕೆ!

ಹೇಮಾವತಿ ನಮಗೆ ಪರಕೀಯ ಊರಲ್ಲ. ಹೆಂಜೇರು ಎಂಬ ಹಳೆಯ ಹೆಸರಿನಲ್ಲಿ ಅದು ನೊಳಂಬರ ರಾಜಧಾನಿ. ದೊಡ್ಡೇಶ್ವರ, ಸಿದ್ಧೇಶ್ವರ ದೇವಾಲಯಗಳೂ ಕನ್ನಡ ಶಾಸನಗಳೂ ಅಲ್ಲಿವೆ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದಂತೆ ಆ ಕನ್ನಡ ಸೀಮೆ ಆಂಧ್ರದಲ್ಲಿ ಉಳಿಯಿತು. 2022ರ ಏಪ್ರಿಲಿನಲ್ಲಿ ಜಿಲ್ಲೆ ಒಡೆದಾಗ ರಾಯದುರ್ಗ ಅನಂತಪುರದಲ್ಲೇ ನಿಂತಿತು, ಮಡಕಶಿರ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು.

ಅಂಥಲ್ಲಿ ಎರಡೆಕರೆಯ ರೈತನೊಬ್ಬನು ಚೀನಿ ಇಡಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವುದು ಯಾವುದು? ಮಣ್ಣಲ್ಲ, ಧಾರಣೆಯೂ ಅಲ್ಲ. ಏಪ್ರಿಲ್ ತಿಂಗಳಲ್ಲಿ ಅವನ ಬೋರ್‌ವೆಲ್ ಕೊಡುವ ನೀರು ಎಂದು ನಾವು ತಿಳಿಯುತ್ತೇವೆ. ಆರು ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 110 ಗಿಡ. ಫಸಲು ನಾಲ್ಕೈದು ವರ್ಷಗಳ ಮೇಲೆ. ಅಲ್ಲಿಯತನಕ ಸಾಲುಗಳ ನಡುವೆ ಕಡಲೆಕಾಯಿ ಹಾಕಿ ಅನ್ನ ಕಾಣಬಹುದು. ಆದರೆ ಕಡಲೆಕಾಯಿ ಒಂದು ವರ್ಷ ಕೈಕೊಟ್ಟರೆ ಮರುವರ್ಷ ಬಿತ್ತಬಹುದು. ಐದು ವರ್ಷ ಸಾಕಿದ ಗಿಡ ಒಂದೇ ಬೇಸಗೆಗೆ ಒಣಗಿದರೆ ಹೋದದ್ದು ಐದು ವರ್ಷ.

ಈ ಗಿಡದ ಗುಣವೂ ವಿಚಿತ್ರ. ಹೂ ಬಿಡಬೇಕಾದರೆ ಅದನ್ನು ಬಾಯಾರಿಸಬೇಕು. ತಿಂಗಳೊಪ್ಪತ್ತು ನೀರು ನಿಲ್ಲಿಸಿ, ಎಲೆ ಬಾಡಿದ ಮೇಲೆ ಗೊಬ್ಬರ ಕೊಟ್ಟು ನೀರು ಬಿಟ್ಟರೆ ಹೂ. ಇದಕ್ಕೆ ಬಹಾರ್ ಎನ್ನುತ್ತಾರೆ. ಡಿಸೆಂಬರಿನಲ್ಲಿ ಒಣಗಿಸಿ ಜನವರಿಯಲ್ಲಿ ನೀರು ಕೊಟ್ಟರೆ ಅಂಬೆ ಬಹಾರ್. ಕಾಯಿ ಹಿಗ್ಗುವ ಹೊತ್ತು ಮಾರ್ಚ್‌ನಿಂದ ಮೇ, ಬಾವಿಗಳು ಕೈಬಿಡುವ ಹೊತ್ತೂ ಅದೇ. ಮೇ ತಿಂಗಳಲ್ಲಿ ಬಾಯಾರಿಸಿ ಜೂನ್ ಮಳೆಗೆ ಹೂ ತರಿಸಿದರೆ ಮೃಗ ಬಹಾರ್; ಸೆಪ್ಟೆಂಬರ್ ಅಕ್ಟೋಬರಿನ ಮಳೆಯಲ್ಲಿ ಕಾಯಿ ಬೆಳೆದು ಹಣ್ಣು ಬೇಸಗೆಯ ಬಾಗಿಲಿಗೆ, ರಸದಂಗಡಿಗಳು ಕೈಚಾಚುವ ಕಾಲಕ್ಕೆ ಸಿಗುತ್ತದೆ. ಬಡ ಬಾವಿಯವನಿಗೆ ಎರಡನೆಯದೇ ಕ್ಷೇಮ. ಜೂನ್ ಮಳೆ ತಪ್ಪುವ ಭಯ ಇದ್ದೇ ಇದೆ. ಆದರೂ ಕಾಯಿ ಹೊತ್ತ ಮರವನ್ನು ಏಪ್ರಿಲಿನಲ್ಲಿ ಬದುಕಿಸುವುದಕ್ಕಿಂತ ಬರಿಯ ಮರವನ್ನು ಬದುಕಿಸುವುದು ಹಗುರ.

ಸರಕಾರಗಳು ಏನೂ ಮಾಡಿಲ್ಲವೆನ್ನಲಾಗದು. ಆಂಧ್ರದಲ್ಲಿ 2004ರಿಂದ ಕೃಷಿಗೆ ಉಚಿತ ವಿದ್ಯುತ್ತು, 2003ರಿಂದ ಹನಿ ನೀರಾವರಿಗೆ ಸಹಾಯಧನದ ಯೋಜನೆ. ಶ್ರೀಶೈಲದ ಕೃಷ್ಣಾ ನೀರನ್ನೆತ್ತಿ ತರುವ ಹಂದ್ರಿ-ನೀವಾ ಯೋಜನೆಯಲ್ಲಿ ಮಡಕಶಿರ ಶಾಖಾ ಕಾಲುವೆಯೂ ಸೇರಿದೆ. ಆದರೆ ಉಚಿತ ವಿದ್ಯುತ್ತು ನೀರನ್ನು ಮೇಲೆತ್ತುತ್ತದೆಯೇ ವಿನಾ ನೆಲದೊಳಗೆ ತುಂಬುವುದಿಲ್ಲ. ಕಾಲುವೆಯ ಭರವಸೆಯ ಮೇಲೆ ಗಿಡ ನೆಡುವುದು ಮದುವೆ ನಿಶ್ಚಯವಾಗುವ ಮೊದಲೇ ಚಪ್ಪರ ಹಾಕಿದಂತೆ.

ಇನ್ನೊಂದು ಮಾತು ನಮಗೂ ಅವರಿಗೂ ಸಮಾನವಾದದ್ದು. ಕಸಿ ಗಿಡ ಕೊಳ್ಳುವಾಗ ಬುಡದ ಬೇರು ಜಂಬೇರಿಯೋ ಬರ ತಾಳುವ ರಂಗಪುರ ನಿಂಬೆಯೋ ಎಂದು ಕೇಳಿ ತಿಳಿಯಬೇಕು. ಕಸಿ ಕಟ್ಟಿದ ಗಂಟು ಮಣ್ಣಿನಿಂದ ಒಂದು ಗೇಣು ಮೇಲಿರಬೇಕು. ಕಾಂಡಕ್ಕೆ ನೀರು ತಾಗದಂತೆ ಎರಡು ಸುತ್ತಿನ ಪಾತಿ ಮಾಡಿ, ಬುಡಕ್ಕೆ ಬೋರ್ಡೋ ಮುಲಾಮು ಬಳಿಯಬೇಕು. ಇಷ್ಟು ಸಂಗತಿ ಒಂದು ಹಾಳೆಯಲ್ಲಿ ಹಿಡಿಯುತ್ತದೆ. ಹೇಮಾವತಿಯ ಕನ್ನಡ ಶಾಲೆಯಲ್ಲಿ ಓದಿದ ರೈತನಿಗೆ ಆಡಳಿತದ ಹಾಳೆ ತೆಲುಗಿನದು, ನಮಗೆ ಮಲೆಯಾಳದ್ದು. ಸಂತೆಯಲ್ಲಿ ತೆಲುಗು ಆಡಬಲ್ಲವನೂ ಮೈಲುತುತ್ತಿನ ಪ್ರಮಾಣವನ್ನು ಓದುವಾಗ ತಡವರಿಸುತ್ತಾನೆ. ಕೇರಳದ 1969ರ ಭಾಷಾ ಕಾನೂನು ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕನ್ನು ನಮಗೆ ಕೊಟ್ಟಿದೆ. ಆ ಹಕ್ಕನ್ನು ದೂರು ಬರೆಯಲು ಬಳಸಿದ್ದೇವೆ. ಔಷಧಿಯ ಪ್ರಮಾಣವನ್ನು ಕನ್ನಡದಲ್ಲಿ ಕೊಡಿರೆಂದು ಕೇಳಲು ಬಳಸಿದವರು ಎಷ್ಟು ಮಂದಿ?

ಐವತ್ತು ಗಿಡದ ಮಾತೆತ್ತಿದ ಹೆತ್ತವರಿಗೆ ನಾವು ಎರಡು ಗಿಡ ಸಾಕೆಂದಿದ್ದೇವೆ: ಬಿಸಿಲು ಬೀಳುವ ದಿಬ್ಬದಲ್ಲಿ, ನೀರು ಜಾರಿಹೋಗುವಂತೆ, ಮನೆಯ ಮಕ್ಕಳಿಗೆ.