ಇಂಗ್ಲಿಷ್ ಶಬ್ದ ಬಾಯಿಪಾಠ ಬ್ಯಾಡ, ಬಿಡಿಸಿ ನೋಡ್ರಿ



ಇಂಗ್ಲಿಷ್ ಅಂದ ಕೂಡಲೇ ನಮ್ಮಲ್ಲಿ ಬಹಳ ಮಂದಿ ಅಂಜುತ್ತಾರೆ. 10ನೇ ತರಗತಿಯವರೆಗೆ ಕನ್ನಡದಲ್ಲಿ ಓದಬಹುದು. ಆದರೆ ಪಿ.ಯು.ಸಿ.ಗೆ ಸೈನ್ಸ್ ತಗೊಂಡರೆ ಪಾಠವೆಲ್ಲ ಇಂಗ್ಲಿಷಿನಲ್ಲಿ. ನಮ್ಮ ಓಣಿಯ ಒಬ್ಬ ಅಕ್ಕ ಖಾನಾಪುರದಿಂದ ದಿನಾ ಬಸ್ಸಿನಲ್ಲಿ ಬೆಳಗಾವಿಗೆ ಸೈನ್ಸ್ ಓದಲು ಹೋಗುತ್ತಿದ್ದಳು. ಲೆಕ್ಕದಾಗ ಅಕಿ ಭಾಳ ಶಾಣ್ಯಾಕಿ. ಆದರೂ ಮೂರೇ ತಿಂಗಳಿಗೆ ಸೈನ್ಸ್ ಬಿಟ್ಟು ಆರ್ಟ್ಸಿಗೆ ಸೇರಿದಳು. "ಪಾಠ ತಿಳೀತಿತ್ತು, ಆ ಹೆಸರುಗಳೇ ತಿಳೀಲಿಲ್ಲ" ಅಂದಳು. ನಮಗೆ ಹಾಗೆ ಆಗಬಾರದು.

2007ರಿಂದ ಸರಕಾರಿ ಶಾಲೆಗಳಲ್ಲಿ 1ನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸುತ್ತಾರೆ. ಆದರೆ ಆ ಪುಸ್ತಕದಲ್ಲಿ ಕಥೆ, ಪದ್ಯ ಹೆಚ್ಚು. ವಿಜ್ಞಾನದ ಶಬ್ದ ನಾವೇ ಕಲಿಯಬೇಕು.

ಕೆಲವರು ಡಿಕ್ಷನರಿ ಹಿಡಿದು ದಿನಾ ಐವತ್ತು ಶಬ್ದ ಬಾಯಿಪಾಠ ಮಾಡ್ತಾರೆ, ವಾರದಾಗ ಮರೀತಾರೆ. ನನ್ನ ಅಭಿಪ್ರಾಯದಲ್ಲಿ ಅದು ಸರಿಯಲ್ಲ. ನಮ್ಮ ಖಾನಾಪುರದಲ್ಲಿ ಕನ್ನಡದವರು ಮರಾಠಿ, ಮರಾಠಿಯವರು ಕನ್ನಡ ಮಾತಾಡ್ತಾರೆ. ಉಳ್ಳಾಗಡ್ಡಿಗೆ ಕಾಂದಾ ಅನ್ನುವುದನ್ನು ಯಾವ ಪಟ್ಟಿ ನೋಡಿ ಕಲಿತೆವು? ಸಂತೆಯಲ್ಲಿ ಕೇಳಿ, ಆಡಿ ಕಲಿತೆವು. ಗೊತ್ತಿದ್ದ ವಸ್ತುವಿಗೆ ಇನ್ನೊಂದು ಹೆಸರು, ಅಷ್ಟೇ.

ವಿಜ್ಞಾನದ ಶಬ್ದವೂ ಹಾಗೆಯೇ. ಸಮಾಸ ಬಿಡಿಸಿದಂತೆ ಬಿಡಿಸಿ ನೋಡ್ರಿ. ದ್ಯುತಿಸಂಶ್ಲೇಷಣೆಗೆ ಇಂಗ್ಲಿಷಿನಲ್ಲಿ ಫೋಟೋಸಿಂಥೆಸಿಸ್ ಎನ್ನುತ್ತಾರೆ. ದ್ಯುತಿ ಅಂದರೆ ಬೆಳಕು, ಫೋಟೋ ಅಂದರೂ ಬೆಳಕು. ಸಂಶ್ಲೇಷಣೆ ಅಂದರೆ ಕೂಡಿಸುವುದು, ಸಿಂಥೆಸಿಸ್ ಅಂದರೂ ಅದೇ! ಉಷ್ಣತಾಮಾಪಕ ಅಂದರೆ ಥರ್ಮಾಮೀಟರ್. ಥರ್ಮೋ ಎಂದರೆ ಉಷ್ಣ, ಮೀಟರ್ ಎಂದರೆ ಮಾಪಕ. ತ್ರಿಕೋನಕ್ಕೆ ಟ್ರೈಆಂಗಲ್. ಟ್ರೈ ಅಂದರೆ ಮೂರು, ಆಂಗಲ್ ಅಂದರೆ ಕೋನ. ಮೀಟರ್ ತಿಳಿದರೆ ಬ್ಯಾರೋಮೀಟರ್, ಸ್ಪೀಡೋಮೀಟರ್ ಅರ್ಧ ತಿಳಿದಂತೆಯೇ. ಫೋಟೋ, ಥರ್ಮೋ ಇವು ಮೂಲದಲ್ಲಿ ಗ್ರೀಕ್ ಭಾಷೆಯವು. ಇಂಗ್ಲೆಂಡಿನ ಹುಡುಗರೂ ಅವುಗಳ ಅರ್ಥವನ್ನು ಕಲಿತೇ ತಿಳಿಯಬೇಕು. ಮತ್ತ ನಾವಷ್ಟೇ ಯಾಕ ಅಂಜಬೇಕು?

ಅದಕ್ಕೆ ನನ್ನದೊಂದು ಸೂಚನೆ. ನಮ್ಮ ವರ್ಗದ ಕರಿಹಲಗೆಯ ಮೂಲೆಯಲ್ಲಿ ದಿನಾ ಐದು ಶಬ್ದ ಬರೆಯೋಣ. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್. ಬಿಡಿಸಿ ಬರೆದು, ಪ್ರತಿಯೊಂದನ್ನೂ ಒಂದು ವಾಕ್ಯದಲ್ಲಿ ಬಳಸೋಣ. 200 ದಿನ ಶಾಲೆ ನಡೆದರೆ 1000 ಶಬ್ದ ಆಗುತ್ತವೆ.

ಇದಕ್ಕಾಗಿ ಕನ್ನಡ ಬಿಡೂದು ಬ್ಯಾಡ. ಕನ್ನಡದಾಗ ಅರ್ಥ ಗಟ್ಟಿ ಇದ್ದವರಿಗೇ ಇಂಗ್ಲಿಷ್ ಹೆಸರು ಬೇಗ ತಲೆಗೆ ಹತ್ತುತ್ತದೆ.

ನಿಮ್ಮ ವಿಚಾರ ಬೇರೆ ಇದ್ದರೆ ಮುಂದಿನ ಸಂಚಿಕೆಗೆ ಬರೆದು ಕೊಡಿರಿ.

— 7ನೇ ತರಗತಿಯ ವಿದ್ಯಾರ್ಥಿನಿ