ಬಾಡಿಗೆ ಆದಾಯ ಗುಟ್ಟಾಗಿ ಉಳಿಯದು

ಊರಿಗೆ ಮರಳಿದ ನಮ್ಮವರನೇಕರು ಡೊಂಬಿವಲಿ, ಮೀರಾರೋಡ್‌ನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದಾರೆ. ‘ನಗದು ತಾನೇ, ಯಾರಿಗೆ ತಿಳಿಯುತ್ತದೆ?’ ಎಂದು ಬ್ಯಾಂಕ್ ಕೌಂಟರಿನಲ್ಲಿ ನನ್ನನ್ನೇ ಕೇಳುತ್ತಾರೆ. ತಿಳಿಯುತ್ತದೆ ಸ್ವಾಮಿ! ವರ್ಷಕ್ಕೆ 1 ಲಕ್ಷ ರೂ. ಮೀರಿದ ಬಾಡಿಗೆಗೆ ಎಚ್‌ಆರ್‌ಎ ರಿಯಾಯಿತಿ ಕೇಳುವ ನೌಕರ ಮಾಲಕರ ಪ್ಯಾನ್ ಕೊಡಲೇಬೇಕು. ತಿಂಗಳಿಗೆ 50,000 ರೂ. ದಾಟಿದರೆ ಬಾಡಿಗೆದಾರ ಟಿಡಿಎಸ್ ಕಡಿಯಬೇಕು; ಅದು 2021ರಲ್ಲಿ ಬಂದ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಕಾಣುತ್ತದೆ.

ಆದ್ದರಿಂದ ಬಾಡಿಗೆಯನ್ನು ಖಾತೆಗೇ ಪಡೆಯಿರಿ, ರಿಟರ್ನ್ ತುಂಬುವ ಮೊದಲು ಎಐಎಸ್ ನೋಡಿ. ಮುನಿಸಿಪಲ್ ತೆರಿಗೆ ಹೆಚ್ಚಾಗಿ ಸೊಸೈಟಿ ಬಿಲ್‌ನೊಳಗೇ ಇರುತ್ತದೆ, ಬಿಲ್ ಎಸೆಯಬೇಡಿ. ಕಟ್ಟಿದ ತೆರಿಗೆ ಕಳೆದು, ಉಳಿದುದರಲ್ಲಿ ಶೇ. 30 ವಿನಾಯಿತಿ ಇದೆ. ಮೇಂಟೆನೆನ್ಸ್ ಬೇರೆ ಕಳೆಯುವಂತಿಲ್ಲ. ಇಲ್ಲೇ ಹೆಚ್ಚಿನವರು ಎಡವುವುದು.

ಸನ್ಮಾನಗಳ ನಡುವೆ ನಮ್ಮ ಸಂಘಗಳು ಒಂದು ರವಿವಾರವನ್ನು ಹಿರಿಯರಿಗೆ ಇದನ್ನು ಕಲಿಸಲು ಮೀಸಲಿಡಬಾರದೇ?